ಬೆಂಗಳೂರಿನ ಸಿಸೇರಿಯನ್ ಲೆಕ್ಕ: ಯಾವ ಸಂಖ್ಯೆಯನ್ನು ನಂಬುವುದು?

ದುಂಡುಮಲ್ಲಿಗೆ:
ಎಲ್ಲರಿಗೂ ನಮಸ್ಕಾರ. ನಮ್ಮ ಏರಿಯಾದ ಕೆಲವು ಹೆಂಗಸರು ಸೇರಿ ಎಂಎಲ್‌ಎಗೆ ಒಂದು ಮನವಿ ಕೊಡಬೇಕು ಅಂತಿದ್ದೇವೆ. ಇಲ್ಲಿನ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರ್ ಇದೆ, ಆದರೆ ರಾತ್ರಿ ಹೊತ್ತು ಅನಸ್ತೇಶಿಯಾ ಡಾಕ್ಟರ್ ಇಲ್ಲ ಅಂತ ಬೇರೆ ಕಡೆ ಕಳಿಸುತ್ತಾರೆ. ನೋವು ಬಂದವರು ಎಷ್ಟು ದೂರ ಹೋಗುತ್ತಾರೆ ಹೇಳಿ, ಪಕ್ಕದ ನರ್ಸಿಂಗ್ ಹೋಮ್‌ಗೆ ಓಡುತ್ತಾರೆ, ಅಲ್ಲಿ ಸಿಸೇರಿಯನ್ ಆಗುತ್ತದೆ, ಬಿಲ್ ಕಟ್ಟಲು ಬಳೆ ಅಡ ಇಡುತ್ತಾರೆ. ಬಾಯಿಮಾತಲ್ಲಿ ಹೇಳಿದರೆ ‘ಸಂಖ್ಯೆ ಎಲ್ಲಿದೆ ತೋರಿಸಿ’ ಅನ್ನುತ್ತಾರೆ. ಹುಡುಕಿದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಅಂದರೆ ಎನ್‌ಎಫ್‌ಎಚ್‌ಎಸ್‌ನಲ್ಲಿ ಸಿಸೇರಿಯನ್‌ಗೆ ಒಂದು ಪ್ರಮಾಣ ಇದೆ, ಆಸ್ಪತ್ರೆಗಳ ವರದಿ ಸೇರಿಸುವ ಎಚ್‌ಎಂಐಎಸ್‌ನಲ್ಲಿ ಇನ್ನೊಂದು. ಎರಡೂ ಸರ್ಕಾರದ್ದೇ. ಯಾವುದು ಸರಿ? ನಮ್ಮ ವಾರ್ಡಿನ ಲೆಕ್ಕ ಎಲ್ಲಾದರೂ ಸಿಗುತ್ತದಾ?

ಲೆಕ್ಕದ_ಮೇಷ್ಟ್ರು:
ಮೇಡಂ, ಎರಡೂ ಸರಿ ಇರಬಹುದು. ಯಾರನ್ನು ಎಣಿಸಿದ್ದಾರೆ ಅನ್ನುವುದನ್ನು ಮೊದಲು ನೋಡಿ.

ಎನ್‌ಎಫ್‌ಎಚ್‌ಎಸ್‌ನವರು ಮನೆಗೆ ಬಂದು ತಾಯಿಯನ್ನೇ ಕೇಳುತ್ತಾರೆ. ಅವಳು ಎಲ್ಲಿ ವಾಸ ಇದ್ದಾಳೋ ಆ ಜಿಲ್ಲೆಯ ಲೆಕ್ಕಕ್ಕೆ ಸೇರುತ್ತಾಳೆ. ಎಚ್‌ಎಂಐಎಸ್ ಅಂದರೆ ಆಸ್ಪತ್ರೆಗಳು ತಿಂಗಳು ತಿಂಗಳು ಹಾಕುವ ವರದಿ, ಹೆರಿಗೆ ಎಲ್ಲಿ ಆಯಿತೋ ಅಲ್ಲಿಗೆ ಸೇರುತ್ತದೆ. ಈಗ ನಮ್ಮ ಕಡೆ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುತ್ತಾರೆ ಅಲ್ವಾ? ರಾಜಾಜಿನಗರದ ಹುಡುಗಿ ಹಾಸನದಲ್ಲಿ ಹೆತ್ತು, ಬಾಣಂತನ ಮುಗಿಸಿ ವಾಪಸ್ ಬಂದರೆ ಎನ್‌ಎಫ್‌ಎಚ್‌ಎಸ್‌ಗೆ ಅವಳು ಬೆಂಗಳೂರಿನವಳು, ಎಚ್‌ಎಂಐಎಸ್‌ಗೆ ಆ ಹೆರಿಗೆ ಹಾಸನದ್ದು. ಜನನ ನೋಂದಣಿಯೂ ಮಗು ಹುಟ್ಟಿದ ಊರಲ್ಲೇ ಆಗುವುದು. ಉಲ್ಟಾನೂ ಇದೆ. ಕೋಲಾರ, ರಾಮನಗರದ ಕಡೆಯಿಂದ ಕಷ್ಟದ ಕೇಸುಗಳು ವಾಣಿವಿಲಾಸಕ್ಕೆ ಬರುತ್ತವೆ. ಅಂಥ ದೊಡ್ಡಾಸ್ಪತ್ರೆಯಲ್ಲಿ ಸಿಸೇರಿಯನ್ ಜಾಸ್ತಿ ಇದ್ದರೆ ಅದು ಅವರ ತಪ್ಪಲ್ಲ.

ಇನ್ನೊಂದು, ಎನ್‌ಎಫ್‌ಎಚ್‌ಎಸ್-5ರಲ್ಲಿ ಕರ್ನಾಟಕದ ಸಿಸೇರಿಯನ್ 31.5%, ಅದರ ಹಿಂದಿನ ಸರ್ವೆಯಲ್ಲಿ 23.6%. ಇದು ‘ಈಗಿನ’ ಲೆಕ್ಕ ಅಂದುಕೊಳ್ಳಬೇಡಿ. ಇಲ್ಲಿ ಮನೆ ಮನೆಗೆ ಹೋಗಿದ್ದು 2019ರಲ್ಲಿ, ಕೇಳಿದ್ದು ಅದರ ಹಿಂದಿನ ಐದು ವರ್ಷದ ಹೆರಿಗೆಗಳ ಬಗ್ಗೆ. ಅಂದರೆ ಇದು ಕೋವಿಡ್‌ಗೂ ಮುಂಚಿನ ಚಿತ್ರ.

ವಾರ್ಡಿನ ಲೆಕ್ಕ ಇದರಲ್ಲಿ ಸಿಗುವುದಿಲ್ಲ. ಇಡೀ ರಾಜ್ಯಕ್ಕೆ ನೋಡಿದ್ದು 26,574 ಮನೆ, 30 ಜಿಲ್ಲೆಗೆ ಹಂಚಿದರೆ ಸರಾಸರಿ 900ಕ್ಕೂ ಕಡಿಮೆ. ಬೆಂಗಳೂರು ನಗರ ಜಿಲ್ಲೆಯಲ್ಲಿ 2011ರಲ್ಲೇ 96 ಲಕ್ಷ ಜನ ಇದ್ದರು. ಇಷ್ಟು ಕಡಿಮೆ ಮನೆ ನೋಡಿದಾಗ ಸಂಖ್ಯೆ ಆಕಸ್ಮಿಕವಾಗಿಯೂ ಸ್ವಲ್ಪ ಏರಿಳಿಯುತ್ತದೆ. ಜಿಲ್ಲೆಯ ಸಂಖ್ಯೆ ಒಂದೆರಡು ಪಾಯಿಂಟ್ ಏರಿದ್ದಕ್ಕೆ ಪೇಪರಿನವರು ಗಾಬರಿ ಹೆಡ್ಡಿಂಗ್ ಹಾಕುತ್ತಾರೆ, ನೀವು ಹಾಗೆ ಮಾಡಬೇಡಿ.

ಸಿಲ್ಕ್‌ಬೋರ್ಡ್_ಸಂತ್ರಸ್ತ:
ಗುರು, ಸರ್ಕಾರಿ ಡೇಟಾ ಎಲ್ಲ ಬೋಗಸ್. ಆಫೀಸಲ್ಲಿ ಕೂತು ಬರೆಯುತ್ತಾರೆ. ಟೈಮ್ ವೇಸ್ಟ್ ಮಾಡಬೇಡಿ ಮೇಡಂ, ಫೋಟೋ ತೆಗೆದು ಟ್ವಿಟರ್‌ಗೆ ಹಾಕಿ.

ಹಳೇ_ರಿಜಿಸ್ಟರ್:
ಬೋಗಸ್ ಅಂದುಬಿಡುವುದು ಸುಲಭ. ನಾನು ಒಂದು ಆರೋಗ್ಯ ಕೇಂದ್ರದಲ್ಲಿ ಎಚ್‌ಎಂಐಎಸ್ ಎಂಟ್ರಿ ಮಾಡುತ್ತಿದ್ದೆ. ತಿಂಗಳ ಕೊನೆಗೆ ಸಿಸ್ಟರ್‌ಗಳು ರಿಜಿಸ್ಟರ್ ಹಿಡಿದುಕೊಂಡು ಬರುತ್ತಿದ್ದರು, ಸಾಲು ಸಾಲು ಎಣಿಸಿಯೇ ಹಾಕುತ್ತಿದ್ದೆವು. ಸರ್ಕಾರಿ ಆಸ್ಪತ್ರೆಯಲ್ಲಿ ಆದ ಹೆರಿಗೆ ಎಷ್ಟು ಅನ್ನುವುದು ತಕ್ಕಮಟ್ಟಿಗೆ ಸರಿ ಇರುತ್ತದೆ, ಯಾಕೆಂದರೆ ತಾಯಿ ಕಾರ್ಡು, ದುಡ್ಡು ಬರುವ ಯೋಜನೆ ಎಲ್ಲ ಅದಕ್ಕೇ ತಗಲಿಕೊಂಡಿವೆ. ತೊಂದರೆ ಇರುವುದು ಬೇರೆ ಕಡೆ. ಕೆಲವು ಖಾನೆಗಳನ್ನು ಖಾಲಿ ಬಿಟ್ಟಿರುತ್ತಾರೆ. ಖಾಲಿ ಅಂದರೆ ಆ ತಿಂಗಳು ಒಂದೂ ಆಗಿಲ್ಲ ಅಂತಲೋ, ವರದಿಯೇ ಬಂದಿಲ್ಲ ಅಂತಲೋ? ಮೇಲೆ ಕೂತು ಒಟ್ಟು ಕೂಡುವವರಿಗೆ ಗೊತ್ತಾಗುವುದಿಲ್ಲ.

ಅದಕ್ಕಿಂತ ದೊಡ್ಡ ತೂತು ಖಾಸಗಿಯವರದ್ದು. ಎಲ್ಲ ನರ್ಸಿಂಗ್ ಹೋಮ್‌ಗಳೂ ತಿಂಗಳು ತಿಂಗಳು ವರದಿ ಹಾಕುವುದಿಲ್ಲ. ಸಿಸೇರಿಯನ್ ಜಾಸ್ತಿ ಆಗುವುದೇ ಅಲ್ಲಿ. ದೇಶದ ಮಟ್ಟದಲ್ಲಿ ಎನ್‌ಎಫ್‌ಎಚ್‌ಎಸ್-5ರ ಪ್ರಕಾರ ಖಾಸಗಿಯಲ್ಲಿ 47.4%, ಸರ್ಕಾರಿಯಲ್ಲಿ 14.3%. ಆ ವರದಿಗಳು ಬಿಟ್ಟುಹೋದರೆ ಎಚ್‌ಎಂಐಎಸ್ ಪ್ರಮಾಣ ತಾನಾಗಿಯೇ ಕಡಿಮೆ ಕಾಣುತ್ತದೆ. ಹಾಗಾಗಿ ಸರ್ಕಾರಿ, ಖಾಸಗಿ ಎರಡನ್ನೂ ಕೂಡಿಸಿದ ಸಂಖ್ಯೆ ಬಳಸಬೇಡಿ, ಬೇರೆ ಬೇರೆ ಇಟ್ಟು ನೋಡಿ.

ಆದರೆ ಮೇಡಂ, ನಿಮ್ಮ ಮನವಿಗೆ ಸಿಸೇರಿಯನ್ ಪ್ರಮಾಣ ಯಾಕೆ ಬೇಕು? ನಿಮ್ಮ ದೂರು ರಾತ್ರಿ ಡಾಕ್ಟರ್ ಇಲ್ಲ ಅಂತ. ಜಿಲ್ಲೆಯಲ್ಲಿ 30% ಇರಲಿ, 40% ಇರಲಿ, ಅದರಿಂದ ನಿಮ್ಮ ಮಾತು ಸಾಬೀತಾಗುವುದಿಲ್ಲ. ನಿಮಗೆ ಬೇಕಾಗಿರುವುದು ಆ ಆಸ್ಪತ್ರೆಯ ರೆಫರಲ್ ರಿಜಿಸ್ಟರ್. ಯಾವ ಹೊತ್ತಿಗೆ, ಯಾವ ಕಾರಣಕ್ಕೆ, ಎಲ್ಲಿಗೆ ಕಳಿಸಿದರು ಅಂತ ಅದರಲ್ಲಿ ಬರೆದಿರಬೇಕು.

ದುಂಡುಮಲ್ಲಿಗೆ:
ಅಣ್ಣ, ಇದು ನಮಗೆ ಹೊಳೆದೇ ಇರಲಿಲ್ಲ. ಆದರೆ ರಿಜಿಸ್ಟರ್ ನಮಗೆ ಯಾರು ತೋರಿಸುತ್ತಾರೆ?

ಅರ್ಜಿ_ಗುಜರಾಯಿಸುವವ:
ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ ಫೀಸು, 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು ಅಂತ ನಿಯಮ ಇದೆ, ಕಥೆ ಬರೆದರೆ ವಾಪಸ್ ಕಳಿಸಲು ಅದೇ ನೆಪ ಆಗುತ್ತದೆ. ‘ರಾತ್ರಿ ಡಾಕ್ಟರ್ ಯಾಕೆ ಇಲ್ಲ’ ಅಂತ ಕೇಳಬೇಡಿ. ಯಾಕೆ ಅನ್ನುವುದಕ್ಕೆ ಉತ್ತರ ಕೊಡುವ ಜವಾಬ್ದಾರಿ ಮಾಹಿತಿ ಅಧಿಕಾರಿಗೆ ಇಲ್ಲ, ಇರುವ ದಾಖಲೆ ಕೊಡುವುದಷ್ಟೇ ಅವರ ಕೆಲಸ. ಹೀಗೆ ಕೇಳಿ: ಕಳೆದ 12 ತಿಂಗಳ ರೆಫರಲ್ ರಿಜಿಸ್ಟರಿನ ನಕಲು, ರೋಗಿಗಳ ಹೆಸರು, ವಿಳಾಸ, ಫೋನ್ ನಂಬರ್ ಅಳಿಸಿ. ಅಳಿಸಿ ಅಂತ ನೀವೇ ಬರೆದುಬಿಟ್ಟರೆ ಖಾಸಗಿ ಮಾಹಿತಿ ಅಂತ ಇಡೀ ಅರ್ಜಿಯನ್ನೇ ತಳ್ಳಿಹಾಕಲು ದಾರಿ ಇರುವುದಿಲ್ಲ. ಇನ್ನೊಂದು ಅರ್ಜಿಯಲ್ಲಿ ಅನಸ್ತೇಶಿಯಾ ಡಾಕ್ಟರ್‌ಗಳ ಡ್ಯೂಟಿ ರೋಸ್ಟರ್ ಕೇಳಿ. ಎರಡನ್ನೂ ಪಕ್ಕ ಪಕ್ಕ ಇಟ್ಟು ತಾರೀಖು ತಾಳೆ ನೋಡಿದರೆ ಸಾಕು, ಎಂಎಲ್‌ಎಗೆ ಬೇರೆ ಸಂಖ್ಯೆ ಬೇಕಾಗುವುದಿಲ್ಲ.

ಲೆಕ್ಕದ_ಮೇಷ್ಟ್ರು:
ಹೌದು, ಇದೇ ಸರಿ. ಒಂದು ಸೇರಿಸುತ್ತೇನೆ. ಅರ್ಜಿಯಲ್ಲಿ ವಾರ್ಡ್ ನಂಬರ್ ಹಾಕಬೇಡಿ, ಆಸ್ಪತ್ರೆಯ ಹೆಸರು, ವಿಳಾಸ ಹಾಕಿ. 198 ವಾರ್ಡ್ ಇದ್ದದ್ದು ಏನೇನೋ ಆಗಿ, 2025ರಲ್ಲಿ ಬಿಬಿಎಂಪಿಯೇ ಐದು ಪಾಲಿಕೆ ಆಯಿತು. ಹಳೇ ನಂಬರ್ ಹಾಕಿದರೆ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಅಂತ ಒಂದು ಪತ್ರ ಬರುತ್ತದೆ ಅಷ್ಟೇ.