ಸಿ ಡ್ರೈವ್ ತುಂಬಲು ಸಿಸ್ಟಮ್ ರಿಸ್ಟೋರ್ ಪಾಯಿಂಟುಗಳೇ ಕಾರಣವೇ?

ಪ್ರಶ್ನೆ

ನಮಸ್ಕಾರ. ನಮ್ಮ ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇದ್ದು, ಸಿ ಡ್ರೈವ್ 128 ಜಿಬಿಯದು. ದೊಡ್ಡ ವಿಡಿಯೊ ಫೈಲುಗಳನ್ನೆಲ್ಲ ಬೇರೆ ಡ್ರೈವ್‌ಗೆ ಸಾಗಿಸಿದ ಮೇಲೆ ಸ್ವಲ್ಪ ಕಾಲ ಜಾಗ ಸಿಕ್ಕಿತಾದರೂ ಮತ್ತೆ ಖಾಲಿ ಜಾಗ 8 ಜಿಬಿಗೆ ಇಳಿದಿದೆ. ಫೋಲ್ಡರುಗಳ ಗಾತ್ರವನ್ನು ಒಂದೊಂದಾಗಿ ಕೂಡಿಸಿದರೆ ಡ್ರೈವ್ ತೋರಿಸುವ ಬಳಕೆಗಿಂತ ಸಾಕಷ್ಟು ಕಡಿಮೆ ಬರುತ್ತದೆ. ‘ಸಿಸ್ಟಮ್ ವಾಲ್ಯೂಮ್ ಇನ್‌ಫರ್ಮೇಶನ್’ ಎಂಬ ಮರೆಯಾಗಿರುವ ಫೋಲ್ಡರಿನ ಗಾತ್ರ ಸೊನ್ನೆ ಎಂದು ಕಾಣುತ್ತದೆ. ತೆರೆಯಲು ಅನುಮತಿಯೂ ಇಲ್ಲ. ರಿಸ್ಟೋರ್ ಪಾಯಿಂಟುಗಳನ್ನು (ತೊಂದರೆಯಾದಾಗ ವಿಂಡೋಸ್ ಅನ್ನು ಹಿಂದಿನ ಸ್ಥಿತಿಗೆ ಮರಳಿಸಲು ನೆರವಾಗುವ ದಾಖಲೆಗಳು) ಉಳಿಸಿಡುವ ಸಿಸ್ಟಮ್ ಪ್ರೊಟೆಕ್ಷನ್ ಅನ್ನು ಆಫ್ ಮಾಡಿಬಿಟ್ಟರೆ ತೊಂದರೆ ತೀರುತ್ತದೆ ಎಂದು ಪರಿಚಿತರೊಬ್ಬರು ಸಲಹೆ ಕೊಟ್ಟಿದ್ದಾರೆ. ಇದು ಸರಿಯೇ?

ಮೊದಲ ಉತ್ತರ

ದಯವಿಟ್ಟು ಈಗಲೇ ಆಫ್ ಮಾಡಬೇಡಿ. ಆಫ್ ಮಾಡಿದ ಕೂಡಲೇ ಆ ಡ್ರೈವ್‌ನ ಎಲ್ಲ ರಿಸ್ಟೋರ್ ಪಾಯಿಂಟುಗಳೂ ಅಳಿಸಿಹೋಗುತ್ತವೆ, ಮತ್ತೆ ಆನ್ ಮಾಡಿದರೆ ಅವು ಮರಳುವುದಿಲ್ಲ. ಮೊದಲು ಎಷ್ಟು ಜಾಗ ಹೋಗಿದೆ ಎಂಬುದನ್ನು ನೋಡಿ: ‘ಸಿಸ್ಟಮ್ ಪ್ರಾಪರ್ಟೀಸ್’ನ ‘ಸಿಸ್ಟಮ್ ಪ್ರೊಟೆಕ್ಷನ್’ ಟ್ಯಾಬಿನಲ್ಲಿ ಸಿ ಡ್ರೈವ್ ಆಯ್ದು ‘ಕಾನ್ಫಿಗರ್’ ಒತ್ತಿದರೆ, ಈಗಿನ ಬಳಕೆಯೂ ಗರಿಷ್ಠ ಮಿತಿಯೂ ಒಂದೇ ಕಡೆ ಕಾಣುತ್ತವೆ. ಈ ಪಾಯಿಂಟುಗಳು ಇರುವುದು ‘ಸಿಸ್ಟಮ್ ವಾಲ್ಯೂಮ್ ಇನ್‌ಫರ್ಮೇಶನ್’ ಫೋಲ್ಡರಿನಲ್ಲೇ; ನಿಮಗೆ ಅದು ಸೊನ್ನೆ ಎಂದು ಕಂಡದ್ದು ಅದನ್ನು ಓದುವ ಅನುಮತಿ ಇಲ್ಲದ್ದರಿಂದಲೇ ಹೊರತು ಅದು ಖಾಲಿ ಇರುವುದರಿಂದಲ್ಲ.

ಫೈಲುಗಳನ್ನು ಸಾಗಿಸಿದ ಮೇಲೂ ಜಾಗ ಕರಗಿದ್ದಕ್ಕೆ ಒಂದು ಕಾರಣವನ್ನು ಊಹಿಸಬಹುದು. ವಿಂಡೋಸ್ ವಿಸ್ಟಾದಿಂದ ಈಚೆಗೆ ರಿಸ್ಟೋರ್ ಪಾಯಿಂಟುಗಳು ‘ಶ್ಯಾಡೋ ಕಾಪಿ’ ವ್ಯವಸ್ಥೆಯನ್ನು ಅವಲಂಬಿಸಿವೆ. ಇಲ್ಲಿ ಡ್ರೈವ್‌ನ ಪೂರ್ತಿ ನಕಲನ್ನು ತೆಗೆದಿಡುವುದಿಲ್ಲ. ರಿಸ್ಟೋರ್ ಪಾಯಿಂಟ್ ಆದ ನಂತರ ಯಾವ ಜಾಗದ ಮೇಲೆ ಹೊಸದಾಗಿ ಬರೆಯಲಾಗುತ್ತದೆಯೋ, ಅಲ್ಲಿದ್ದ ಹಳೆಯ ದತ್ತಾಂಶವನ್ನು ಮಾತ್ರ ಮೊದಲು ಪಕ್ಕಕ್ಕೆ ನಕಲಿಸಲಾಗುತ್ತದೆ. ನಿಮ್ಮ ವಿಡಿಯೊಗಳಿದ್ದ ಜಾಗದಲ್ಲಿ ಅಪ್‌ಡೇಟುಗಳೋ ಬೇರೆ ಫೈಲುಗಳೋ ಬಂದು ಕೂತಂತೆಲ್ಲ, ಆ ವಿಡಿಯೊಗಳ ಹಳೆಯ ತುಣುಕುಗಳು ಈ ಗುಪ್ತ ಸಂಗ್ರಹಕ್ಕೆ ಸೇರಿರುತ್ತವೆ. ಆದರೆ ಈ ಬೆಳವಣಿಗೆ ಗರಿಷ್ಠ ಮಿತಿಯನ್ನು ದಾಟುವುದಿಲ್ಲ. ಮಿತಿ ಮುಟ್ಟಿದಾಗ ಅತ್ಯಂತ ಹಳೆಯ ಪಾಯಿಂಟ್ ತಾನಾಗಿ ಅಳಿಯುತ್ತದೆ. ಆದ್ದರಿಂದ ಸ್ಲೈಡರನ್ನು ಎಳೆದು ಮಿತಿಯನ್ನು ತಗ್ಗಿಸಿದರೆ ಸಾಕು. ನಿಮ್ಮ ಗಾತ್ರದ ಡ್ರೈವ್‌ಗೆ 5ರಿಂದ 6 ಜಿಬಿ ಸಾಲುತ್ತದೆ ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಉತ್ತರ

ಮೇಲಿನ ಮಾತು ಸರಿ, ಆದರೆ ರಿಸ್ಟೋರ್ ಪಾಯಿಂಟುಗಳ ಮೇಲೆಯೇ ಎಲ್ಲ ಅಪವಾದ ಹೊರಿಸುವುದು ಬೇಡ. ಸೆಟ್ಟಿಂಗ್ಸ್‌ನ ‘ಸ್ಟೋರೇಜ್’ ಪುಟದಲ್ಲಿ ‘ಸಿಸ್ಟಮ್ ಅಂಡ್ ರಿಸರ್ವ್ಡ್’ ಭಾಗವನ್ನು ತೆರೆದರೆ ಹೈಬರ್ನೇಶನ್ ಫೈಲಿನ (ಕಂಪ್ಯೂಟರನ್ನು ಆರಿಸುವಾಗ ತೆರೆದಿರುವ ಕೆಲಸವನ್ನು ಡಿಸ್ಕಿನಲ್ಲಿ ಉಳಿಸಿಡುವ ಫೈಲು) ಗಾತ್ರವೂ ಸಿಗುತ್ತದೆ. ವಿಂಡೋಸ್ 10ರಲ್ಲಿ ಅದು ಸಾಮಾನ್ಯವಾಗಿ ರ‍್ಯಾಮ್‌ನ ಶೇಕಡಾ 40ರಷ್ಟು. 16 ಜಿಬಿ ರ‍್ಯಾಮ್ ಇದ್ದರೆ ಆರು ಜಿಬಿಗೂ ಹೆಚ್ಚು. ಹೈಬರ್ನೇಟ್ ಬಳಸದವರು ಅದನ್ನು ನಿಲ್ಲಿಸಬಹುದು, ಆದರೆ ಅದರೊಂದಿಗೆ ‘ಫಾಸ್ಟ್ ಸ್ಟಾರ್ಟಪ್’ ಕೂಡ ನಿಲ್ಲುತ್ತದೆ. ವಿಂಡೋಸ್ ಫೋಲ್ಡರಿನೊಳಗಿನ ‘ವಿನ್ ಎಸ್ ಎಕ್ಸ್ ಎಸ್’ (WinSxS, ವಿಂಡೋಸ್‌ನ ಘಟಕಗಳ ಸಂಗ್ರಹ) ಎಷ್ಟೇ ದೊಡ್ಡದಾಗಿ ಕಂಡರೂ ಅದರಿಂದ ಏನನ್ನೂ ಕೈಯಾರೆ ಅಳಿಸಬೇಡಿ; ಆ ಕೆಲಸವನ್ನು ‘ಡಿಸ್ಕ್ ಕ್ಲೀನಪ್’ಗೆ ಬಿಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಬಳಕೆ 11 ಜಿಬಿಯ ಆಸುಪಾಸು, ಮಿತಿ ಶೇಕಡಾ 12 ಇತ್ತು. ಅದನ್ನು 6 ಜಿಬಿಗೆ ಇಳಿಸಿದ್ದರಿಂದ ಈಚಿನ ಪಾಯಿಂಟುಗಳು ಮಾತ್ರ ಉಳಿದಿವೆ. ಇನ್ನೆರಡು ಸಂದೇಹಗಳು: ಬೇಕಾದ ಒಂದು ಪಾಯಿಂಟನ್ನು ಅಳಿಯದಂತೆ ಕಾಯ್ದಿಡಬಹುದೇ? ಅಕಸ್ಮಾತ್ ಅಳಿಸಿದ ಫೋಟೊಗಳು ರಿಸ್ಟೋರ್ ಮಾಡಿದರೆ ಮರಳುತ್ತವೆಯೇ?

ಮೂರನೆಯ ಉತ್ತರ

ಕಾಯ್ದಿಡಲು ಬರುವುದಿಲ್ಲ, ಹಳೆಯದು ಮೊದಲು ಹೋಗುತ್ತದೆ. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಂತೂ, ಜೂನ್ 2025ರ ಅಪ್‌ಡೇಟ್ ನಂತರ, ಜಾಗವಿದ್ದರೂ ಅವು ಹೆಚ್ಚೆಂದರೆ 60 ದಿನ ಉಳಿಯುತ್ತವೆ. ಒಂದು ಸ್ಥಿತಿಯನ್ನು ದೀರ್ಘಕಾಲ ಉಳಿಸಿಕೊಳ್ಳಬೇಕಾದರೆ ಹೊರಗಿನ ಹಾರ್ಡ್ ಡಿಸ್ಕಿಗೆ ಸಿಸ್ಟಮ್ ಇಮೇಜ್ (ವಿಂಡೋಸ್ ಇರುವ ಡ್ರೈವ್‌ನ ಪೂರ್ತಿ ನಕಲು) ತೆಗೆದಿಡಿ. ಡಿಸ್ಕ್ ಕೆಟ್ಟರೆ ಅದರಲ್ಲೇ ಇರುವ ರಿಸ್ಟೋರ್ ಪಾಯಿಂಟುಗಳೂ ಅದರೊಂದಿಗೇ ಹೋಗುತ್ತವೆ.

ಫೋಟೊಗಳ ವಿಷಯದಲ್ಲಿ ಉತ್ತರ ಸ್ವಲ್ಪ ಸೂಕ್ಷ್ಮವಾದದ್ದು. ಸಿಸ್ಟಮ್ ರಿಸ್ಟೋರ್ ನಡೆಸಿದಾಗ ಸಿಸ್ಟಮ್ ಫೈಲು, ರಿಜಿಸ್ಟ್ರಿ (ವಿಂಡೋಸ್‌ನ ಸೆಟ್ಟಿಂಗುಗಳ ಸಂಗ್ರಹ), ಡ್ರೈವರ್ ಮತ್ತು ಪ್ರೋಗ್ರಾಮುಗಳು ಹಿಂದಿನ ಸ್ಥಿತಿಗೆ ಹೋಗುತ್ತವೆ, ನಿಮ್ಮ ಫೋಟೊಗಳನ್ನು ಅದು ಮುಟ್ಟುವುದಿಲ್ಲ. ಆದರೆ ಪಾಯಿಂಟ್ ಆದಾಗ ಆ ಫೋಟೊಗಳು ಸಿ ಡ್ರೈವ್‌ನಲ್ಲಿಯೇ ಇದ್ದಿದ್ದರೆ, ಅವುಗಳಿದ್ದ ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ‘ಪ್ರೀವಿಯಸ್ ವರ್ಷನ್ಸ್’ ಟ್ಯಾಬಿನ ಮೂಲಕ ಹಳೆಯ ಪ್ರತಿ ಸಿಗುವ ಸಾಧ್ಯತೆ ಇದೆ. ಹಾಗೆ ಕಳೆದುಕೊಂಡದ್ದೇನಾದರೂ ಈಗಾಗಲೇ ಇದ್ದರೆ, ಮಿತಿಯನ್ನು ಇನ್ನಷ್ಟು ತಗ್ಗಿಸುವ ಮುನ್ನವೇ ಅಲ್ಲಿ ಹುಡುಕಿ ನೋಡಿ.