ಮೆಡೂಸಾ ಹೇರ್‌ಬ್ಯಾಂಡ್: ಹಾವು ತಲೆ ಮೇಲೆ ನಿಲ್ಲಬೇಕು, ಜಾರಬಾರದು

ಕಟಪಾಡಿಯಿಂದ ಪ್ರಶ್ನೆ:
ಎರಡನೇ ಕ್ಲಾಸಿನ ಹುಡುಗಿಗೆ ಛದ್ಮವೇಷ ಸ್ಪರ್ಧೆ ಉಂಟು. ಗ್ರೀಕ್ ಪುರಾಣದ ಮೆಡೂಸಾ ಆಗಬೇಕಂತೆ. ಅದೇ, ಕೂದಲೆಲ್ಲ ಹಾವು ಇರುವವಳು, ನೋಡಿದವರೆಲ್ಲ ಕಲ್ಲಾಗುವುದು. ಆಟದ ರಬ್ಬರ್ ಹಾವು ತಂದು ಹೇರ್‌ಬ್ಯಾಂಡಿಗೆ ಅಂಟಿಸಿದರೆ ಸಾಕಾ? ಹತ್ತು ದಿನ ಸಮಯ ಉಂಟು, ಆಟಿ (ತುಳುವರ ಮಳೆಗಾಲದ ತಿಂಗಳು) ಮಳೆ ಬೇರೆ. ಮಾಡಿ ಗೊತ್ತಿದ್ದವರು ಹೇಳಿ ಮಾರಾಯ್ರೆ.

ಸುರತ್ಕಲ್:
ರಬ್ಬರ್ ಹಾವು ಬೇಡ. ಒಂದೊಂದು ಮೂವತ್ತು, ನಲವತ್ತು ಗ್ರಾಂ ತೂಗ್ತದೆ, ಏಳು ಸೇರಿದರೆ ಕಾಲು ಕಿಲೋ. ಮಗು ತಲೆ ಬಗ್ಗಿಸಿದ ಕೂಡಲೇ ಬ್ಯಾಂಡ್ ಹಣೆಗೆ ಇಳಿಯುತ್ತದೆ. ಎಲ್ಲ ಸೇರಿ 120 ಗ್ರಾಂ ದಾಟದ ಹಾಗೆ ನೋಡಿ, ಅಡುಗೆಮನೆ ತಕ್ಕಡಿಯಲ್ಲಿ ಇಟ್ಟರೆ ಗೊತ್ತಾಗ್ತದೆ. ಇನ್ನೊಂದು, ಆ ಮೆತ್ತನೆ ಪ್ಲಾಸ್ಟಿಕ್ಕಿಗೆ ಗ್ಲೂ ಗನ್ ಅಂಟು ನಿಲ್ಲುವುದಿಲ್ಲ. ಪ್ಲಾಸ್ಟಿಕ್ಕಿನೊಳಗಿನ ಎಣ್ಣೆಯಂಥ ಅಂಶ ಮೇಲಕ್ಕೆ ಬಂದು ಎರಡು ದಿನದಲ್ಲಿ ಸಿಪ್ಪೆಯ ಹಾಗೆ ಏಳುತ್ತದೆ.

ಉಡುಪಿ:
ಫೋಮ್ ಶೀಟಿನಲ್ಲಿ ಮಾಡಿ. ಏಳು ಹಾವು ಸಾಕು, ಅದಕ್ಕಿಂತ ಹೆಚ್ಚಾದರೆ ಸಣ್ಣ ತಲೆಗೆ ಗಿಜಿಗಿಜಿ.

1.5 ಮಿ.ಮೀ. ಅಲ್ಯುಮಿನಿಯಂ ತಂತಿ ಎರಡು ಮೀಟರ್, 2 ಮಿ.ಮೀ. ದಪ್ಪದ ಎ4 ಫೋಮ್ ಶೀಟ್ ಎರಡು ತನ್ನಿ. ಕಟ್ಟಡದ ಸರಳು ಕಟ್ಟುವ ತಂತಿ ಅಗ್ಗವೇ, ಆದರೆ ನಮ್ಮ ಉಪ್ಪುಗಾಳಿಗೆ ತುಕ್ಕು ಹಿಡಿದು ಫೋಮಿನ ಮೇಲೆ ಕಂದು ಕಲೆ ಬಿಡುತ್ತದೆ. ನಡುವಿನ ಮೂರು ಹಾವಿಗೆ 30 ಸೆಂ.ಮೀ., ಬದಿಯ ನಾಲ್ಕಕ್ಕೆ 22 ಸೆಂ.ಮೀ. ತಂತಿ ಕತ್ತರಿಸಿ. ತುದಿಯನ್ನು 2 ಸೆಂ.ಮೀ. ಹಿಂದಕ್ಕೆ ಮಡಚಿ, ಇಲ್ಲದಿದ್ದರೆ ಪಕ್ಕದ ಮಗುವಿನ ಕಣ್ಣಿಗೆ ಕಷ್ಟ. ಬುಡದಲ್ಲಿ 4 ಸೆಂ.ಮೀ. ಬರಿ ತಂತಿ ಬಿಡಿ. ಉಳಿದ ಉದ್ದಕ್ಕೆ ಫೋಮ್ ಪಟ್ಟಿ: ಬುಡದಲ್ಲಿ 4 ಸೆಂ.ಮೀ. ಅಗಲ, ತಲೆಯ ಕಡೆ 1.5. ತಂತಿ ಒಳಗಿಟ್ಟು ಉದ್ದಕ್ಕೆ ಮಡಚಿ ಅಂಟಿಸಿದರೆ ಬೆರಳು ಗಾತ್ರದ ಹಾವಾಯಿತು. ತಲೆ ಬೇರೆ ಕತ್ತರಿಸಿ, ಚಮಚದ ಆಕಾರ, ಎರಡು ಪದರ. ಗ್ಲೂ ಗನ್ ಸಣ್ಣದು, 20 ವ್ಯಾಟಿನದ್ದು ಸಾಕು. ದೊಡ್ಡದರ ಬಿಸಿಗೆ ಫೋಮ್ ಕುಗ್ಗುತ್ತದೆ. ಥರ್ಮಾಕೋಲಂತೂ ಗ್ಲೂ ಗನ್ನಿಗೂ ಕರಗುತ್ತದೆ, ಸ್ಪ್ರೇ ಪೇಂಟಿಗೂ ಕರಗುತ್ತದೆ.

ಈಗ ಮುಖ್ಯವಾದದ್ದು. ನಯವಾದ ಪ್ಲಾಸ್ಟಿಕ್ ಬ್ಯಾಂಡಿಗೆ ನೇರ ಅಂಟಿಸಬೇಡಿ. 2.5 ಸೆಂ.ಮೀ. ಅಗಲದ, ಒಳಗೆ ಹಲ್ಲಿರುವ ಬ್ಯಾಂಡಿಗೆ ಮೊದಲು ಹತ್ತಿ ಬಟ್ಟೆಯ ಪಟ್ಟಿ ಸುತ್ತಿ, ಹಲ್ಲು ಬಟ್ಟೆಯಡಿ ಮುಚ್ಚಿಹೋಗದ ಹಾಗೆ. ಬರಿ ತಂತಿಯನ್ನು ಬ್ಯಾಂಡಿನ ಉದ್ದಕ್ಕೆ ಮಲಗಿಸಿ ಬಿಗಿಯಾಗಿ ಕಟ್ಟಿ, ಆಮೇಲೆ ಅಂಟು. ಕಟ್ಟದೆ ಅಂಟಿಸಿದ ಹಾವು ತಿರುಗುತ್ತಲೇ ಇರುತ್ತದೆ. ಕಟಪಾಡಿಯಲ್ಲಿ ಮಲ್ಲಿಗೆ ಕಟ್ಟುವ ಬಾಳೆನಾರು ಕೈಗೆ ಸಿಗ್ತದೆ, ಆದರೆ ಇದಕ್ಕೆ ಆಗುವುದಿಲ್ಲ, ಒಣಗಿದ ಮೇಲೆ ಸಡಿಲ. ನೈಲಾನ್ ನೂಲು ಬೇಕು. ನಡುವಿನದ್ದು ಮೊದಲು, ಆಮೇಲೆ ಎರಡೂ ಕಡೆ ಮೂರು ಮೂರು ಸೆಂ.ಮೀ. ಬಿಟ್ಟು. ಎಲ್ಲವನ್ನೂ ಮುಂದಕ್ಕೆ ಬಾಗಿಸಬೇಡಿ, ನಡುವಿನ ಮೂರರಲ್ಲಿ ಎರಡು ಹಿಂದಕ್ಕೆ ಹೋಗಲಿ, ಭಾರ ಸರಿಹೋಗುತ್ತದೆ.

ಮಲ್ಪೆ:
ಬಣ್ಣದ ಬಗ್ಗೆ. ಹಾವನ್ನು ಬೇಕಾದ ಹಾಗೆ ಬಾಗಿಸಿ ಆದ ಮೇಲೆಯೇ ಬಣ್ಣ ಹಚ್ಚಿ, ಹಚ್ಚಿದ ಮೇಲೆ ಬಾಗಿಸಿದರೆ ಬಿರುಕು ಬಿಡುತ್ತದೆ. ಮೊದಲು ಫೆವಿಕಾಲಿಗೆ ಅಷ್ಟೇ ನೀರು ಸೇರಿಸಿ ಒಂದು ಕೈ. ಈ ಮಳೆಯಲ್ಲಿ ಇದು ಒಣಗಲಿಕ್ಕೆ ಒಂದು ರಾತ್ರಿ ಬೇಕು, ಫ್ಯಾನಿನ ಕೆಳಗೆ ಇಡಿ. ಪೇಪರ್ ನೆನೆಸಿ ಹಾವು ಮಾಡುವ ಯೋಚನೆ ಇದ್ದರೆ ಆಟಿಯಲ್ಲಿ ಬಿಟ್ಟುಬಿಡಿ, ಒಳಗಿಂದ ಬೂಸ್ಟು ಬರುತ್ತದೆ. ಪೋಸ್ಟರ್ ಕಲರ್ ಬೆವರಿಗೆ ಇಳಿದು ಕುತ್ತಿಗೆಯೆಲ್ಲ ಹಸಿರು. ಅಕ್ರಿಲಿಕ್ ಅಥವಾ ಬಟ್ಟೆಗೆ ಹಚ್ಚುವ ಬಣ್ಣ ಆಗಬಹುದು.

ಹುರುಪೆಯ ಗೆರೆಗಳನ್ನು ಕೈಯಲ್ಲಿ ಬಿಡಿಸುತ್ತಾ ಕೂರಬೇಡಿ. ಸಣ್ಣ ಕಣ್ಣಿನ ಬಲೆಯ ತುಂಡು, ಇಲ್ಲವಾದರೆ ಬೆಳ್ಳುಳ್ಳಿ ಬರುವ ನೆಟ್ ಚೀಲ, ಹಾವಿಗೆ ಬಿಗಿಯಾಗಿ ಸುತ್ತಿ. ಮೇಲಿಂದ ಸ್ಪಂಜಿನಲ್ಲಿ ಚಿನ್ನದ ಬಣ್ಣ ಒತ್ತಿ ತೆಗೆದರೆ ಹುರುಪೆ ಸಿದ್ಧ. ಸ್ಪಂಜ್ ಹೆಚ್ಚುಕಡಿಮೆ ಒಣಗಿರಬೇಕು, ಒದ್ದೆಯಾದರೆ ಬಣ್ಣ ಬಲೆಯ ಕೆಳಗೆ ಹರಿದು ಎಲ್ಲ ಒಂದೇ ಗೋಜಲು.

ಪುತ್ತೂರು:
ಮನೆಯಲ್ಲಿ ನೃತ್ಯದ ಜಡೆನಾಗರ ಇದ್ದರೆ ಅದನ್ನೇ ನಡುವಿಗೆ ಕೂರಿಸಬಹುದಲ್ಲ?

ಉಡುಪಿ:
ಆಗುವುದಿಲ್ಲ. ಜಡೆನಾಗರ ಇರುವುದು ಜಡೆಯ ಮೇಲೆ ಮಲಗಲಿಕ್ಕೆ, ನೆಟ್ಟಗೆ ನಿಲ್ಲಿಸಿದರೆ ತೂಕಕ್ಕೆ ಮಗುಚುತ್ತದೆ. ಅದು ಹೆಡೆಯ ನಾಗರ ಬೇರೆ. ಗ್ರೀಸಿನಲ್ಲಿ ನಾಗರಹಾವೇ ಇಲ್ಲ. ಹಾಗಾಗಿ ಹೆಡೆ ಬೇಡ, ಹೆಡೆಯ ಕನ್ನಡಕದ ಗುರುತೂ ಬೇಡ, ತ್ರಿಕೋನದ ತಲೆ ಮಾಡಿ. ನಾಗಬನಕ್ಕೆ ತನು (ಹಾಲು, ಎಳನೀರಿನ ಸೇವೆ) ಹಾಕುವ ಮನೆಗಳಲ್ಲಿ ಹಿರಿಯರಿಗೆ ನಾಗನನ್ನು ವೇಷಕ್ಕೆ ತಂದರು ಅಂತ ಬೇಸರ ಆಗುವುದೂ ಇದರಿಂದ ತಪ್ಪುತ್ತದೆ.

ಮಂಗಳೂರು:
ತೀರ್ಪುಗಾರರು ಕೇಳಿದರೆ ಮಗುವಿಗೆ ಎರಡು ಮಾತು ಕಲಿಸಿ. ಗೋರ್ಗನ್ ಎಂಬ ಮೂವರು ಅಕ್ಕತಂಗಿಯರಲ್ಲಿ ಸಾವಿದ್ದದ್ದು ಮೆಡೂಸಾಳಿಗೆ ಮಾತ್ರ. ಪರ್ಸಿಯಸ್ ಗುರಾಣಿಯಲ್ಲಿ ಅವಳ ಪ್ರತಿಬಿಂಬ ನೋಡಿಕೊಂಡು ತಲೆ ಕಡಿದ. ಹಳೆಯ ಗ್ರೀಕರು ಆ ಮುಖವನ್ನು ಗುರಾಣಿ, ಕಟ್ಟಡಗಳ ಮೇಲೆ ಕೆಡುಕು ದೂರ ಇರಲಿ ಅಂತ ಕೆತ್ತುತ್ತಿದ್ದರು, ನಮ್ಮ ದೃಷ್ಟಿಗೊಂಬೆಯ ಹಾಗೆ. ಆ ಹಳೆಯ ಮುಖ ನಾಲಗೆ ಚಾಚಿದ, ಕೋರೆಹಲ್ಲಿನ ಮುಖ. ಚೆಲುವೆಯಾದದ್ದು ನಂತರ, ಆಗ ತಲೆಯ ಮೇಲೆ ಎರಡು ಪುಟ್ಟ ರೆಕ್ಕೆಯೂ ಬಂತು. ಫೋಮಿನಲ್ಲೇ 6 ಸೆಂ.ಮೀ. ರೆಕ್ಕೆ ಎರಡು ಕತ್ತರಿಸಿ ನಡುವಿನ ಹಾವಿನ ಆಚೆ ಈಚೆ ಇಟ್ಟರೆ ಬೇರೆಯವರ ಮೆಡೂಸಾಕ್ಕಿಂತ ಎದ್ದು ಕಾಣುತ್ತದೆ.

ಸುರತ್ಕಲ್:
ತೊಡಿಸುವಾಗ: ಆ ದಿನ ತಲೆಗೆ ಎಣ್ಣೆ ಬೇಡ, ಎಷ್ಟು ಪಿನ್ ಹಾಕಿದರೂ ಜಾರುತ್ತದೆ. ಕಿವಿಯ ಹಿಂದೆ ಎರಡು ಬಿಗಿ ಜಡೆ ಹೆಣೆದು, ಬ್ಯಾಂಡಿನ ತುದಿಗಳನ್ನು ಅದರೊಳಗೆ ತೂರಿಸಿ ಯು ಪಿನ್ ಹಾಕಿ. ತುದಿಯಿಂದ ತುದಿಗೆ ಕತ್ತಿನ ಹಿಂದೆ 1 ಸೆಂ.ಮೀ. ಇಲಾಸ್ಟಿಕ್, ಕೂದಲಿನ ಅಡಿಯಲ್ಲಿ. ಕಿವಿ ನೋಯುತ್ತದೆ ಅಂದರೆ ಹಿಂದಿನ ರಾತ್ರಿ ಮಗುವಿನ ತಲೆಗಿಂತ ಸ್ವಲ್ಪ ಅಗಲದ ಡಬ್ಬಕ್ಕೆ ಬ್ಯಾಂಡ್ ಸಿಕ್ಕಿಸಿಡಿ. ಶಾಲೆಗೆ ಕೊಂಡು ಹೋಗುವಾಗಲೂ ಅದೇ ಡಬ್ಬದ ಮೇಲಿರಲಿ, ಚೀಲಕ್ಕೆ ತುರುಕಿದರೆ ಹಾವೆಲ್ಲ ಒಂದೇ ಕಡೆ ಮಲಗುತ್ತವೆ.