ಕಿಡ್ನಿ ಕಸಿ ಆದವರಿಗೆ ಕೋವಿಡ್ ಬಂದರೆ ಯಾವ ಮಾತ್ರೆ ನಿಲ್ಲಿಸಬೇಕು?

ಪ್ರಶ್ನೆ (ಸಕಲೇಶಪುರ): ನಮಸ್ಕಾರ ಡಾಕ್ಟ್ರೇ. ನನ್ನ ತಮ್ಮನಿಗೆ ಕಿಡ್ನಿ ಕಸಿ ಆಗಿ ಮೂರು ವರ್ಷ ಆಯಿತು. ಅಮ್ಮನೇ ಕೊಟ್ಟಿದ್ದು. ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಪ್ರೆಡ್ನಿಸೋಲೋನ್ ತಗೊಳ್ತಾನೆ. ಮೊನ್ನೆಯಿಂದ ಗಂಟಲು ನೋವು, ಕೆಮ್ಮು, ಭೇದಿ. ಜ್ವರ ಏನೂ ಇಲ್ಲ, ಆದರೂ ಟೆಸ್ಟ್‌ನಲ್ಲಿ ಕೋವಿಡ್ ಬಂತು. ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ಎಲ್ಲಾ ನಿಲ್ಲಿಸಿ ಅಮೃತಬಳ್ಳಿ ಕಷಾಯ ಕೊಡಿ ಅಂತ ಪಕ್ಕದ ಮನೆಯವರು ಹೇಳ್ತಾರೆ. ಇನ್ನೊಬ್ಬರು ಪ್ಯಾಕ್ಸ್‌ಲೋವಿಡ್ ಅನ್ನೋ ಕೋವಿಡ್ ಮಾತ್ರೆ ಒಳ್ಳೆಯದು ಅಂತಾರೆ. ಯಾರ ಮಾತು ಕೇಳಲಿ?

ಉತ್ತರ (ಕಿಡ್ನಿ ವೈದ್ಯರು, ಹಾಸನ): ಇಬ್ಬರ ಮಾತೂ ಬೇಡ. ಕಸಿ ಮಾಡಿದ ಆಸ್ಪತ್ರೆಗೆ ಈಗಲೇ ಫೋನ್ ಮಾಡಿ. ನಾಳೆ ನೋಡೋಣ ಅನ್ನಬೇಡಿ, ಯಾಕಂದರೆ ವೈರಸ್‌ಗೆ ಕೊಡುವ ಔಷಧಿ ಶುರುವಿನ ದಿನಗಳಲ್ಲೇ ಕೊಟ್ಟರೆ ಕೆಲಸ ಮಾಡುತ್ತದೆ.

ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ದೇಹ ಅಮ್ಮನ ಕಿಡ್ನಿಯನ್ನು ಹೊರಗಿನದು ಅಂತ ತಿಳಿದು ಅದರ ಮೇಲೆ ಬೀಳದ ಹಾಗೆ ತಡೆದಿರುವುದೇ ಈ ಮಾತ್ರೆಗಳು. ಕೋವಿಡ್ ಬಂದಾಗ ಸಾಮಾನ್ಯವಾಗಿ ಮೈಕೋಫಿನೋಲೇಟ್ ಅನ್ನು ಕೆಲವು ದಿನ ಕಡಿಮೆ ಮಾಡುತ್ತೇವೆ, ಇಲ್ಲವೇ ನಿಲ್ಲಿಸುತ್ತೇವೆ. ಟ್ಯಾಕ್ರೋಲಿಮಸ್ ಅನ್ನು ರಕ್ತದ ಮಟ್ಟ ನೋಡಿಕೊಂಡು ಮುಂದುವರಿಸುತ್ತೇವೆ. ಪ್ರೆಡ್ನಿಸೋಲೋನ್ ಒಂದು ಸ್ಟೀರಾಯ್ಡ್, ಅದನ್ನು ದಿಢೀರ್ ಅಂತ ಬಿಟ್ಟರೆ ಬಿಪಿ ಬೀಳಬಹುದು. ಎಷ್ಟು, ಯಾವಾಗ ಅನ್ನೋದು ಅವನ ಫೈಲ್ ನೋಡಿದ ವೈದ್ಯರೇ ಹೇಳಬೇಕು. ಭೇದಿ ಇರುವುದನ್ನು ಮರೆಯದೆ ಹೇಳಿ. ಭೇದಿಯಾದಾಗ ಟ್ಯಾಕ್ರೋ ಮಟ್ಟ ತಾನಾಗಿಯೇ ಏರುತ್ತದೆ, ಜೊತೆಗೆ ಮೈಯಲ್ಲಿ ನೀರಿನಂಶ ಕಡಿಮೆಯಾಗಿ ಕಿಡ್ನಿಗೆ ಎರಡು ಕಡೆಯಿಂದ ಹೊರೆ.

ಈಗ ಪ್ಯಾಕ್ಸ್‌ಲೋವಿಡ್ ವಿಷಯ. ಬೇರೆಯವರಿಗೆ ಅದು ನಿಜಕ್ಕೂ ಒಳ್ಳೆಯ ಔಷಧಿ. ಆದರೆ ಅದರಲ್ಲಿ ರಿಟೋನಾವಿರ್ ಇದೆ. ಟ್ಯಾಕ್ರೋಲಿಮಸ್ ಅನ್ನು ಕರಗಿಸಿ ಹೊರಹಾಕುವ ಲಿವರ್ ಕಿಣ್ವವನ್ನೇ ಅದು ತಡೆದುಬಿಡುತ್ತದೆ. ಆಗ ಎಂದಿನ ಡೋಸ್ ತಗೊಂಡರೂ ರಕ್ತದಲ್ಲಿ ಟ್ಯಾಕ್ರೋ ಹಲವು ಪಟ್ಟು ಏರಿ ಕೈ ನಡುಗುತ್ತದೆ, ವಾಂತಿಯಾಗುತ್ತದೆ, ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತದ ಕ್ರಿಯಾಟಿನಿನ್ ಮೇಲೆ ಹೋಗುತ್ತದೆ, ಅಂದರೆ ಯಾವ ಕಿಡ್ನಿ ಉಳಿಸಬೇಕೋ ಅದಕ್ಕೇ ಪೆಟ್ಟು. ಹಾಗಾಗಿ ಕಸಿ ಆದವರಿಗೆ ಮೂರು ದಿನ ರಕ್ತನಾಳದ ಮೂಲಕ ರೆಮ್‌ಡೆಸಿವಿರ್ ಅನ್ನೋ ವೈರಸ್ ಔಷಧಿ ಕೊಡುವುದನ್ನೇ ಎಷ್ಟೋ ಕಡೆ ಆರಿಸಿಕೊಳ್ಳುತ್ತಾರೆ. ರೋಗ ಶುರುವಾಗಿ ಏಳು ದಿನದೊಳಗೆ ಅದನ್ನು ಹಾಕಬೇಕು.

ಕಷಾಯ ಬೇಡವೇ ಬೇಡ. ರೋಗನಿರೋಧಕ ಶಕ್ತಿ ಎಬ್ಬಿಸುವುದು ಅವನ ವಿಷಯದಲ್ಲಿ ಅಪಾಯ. ಅಮೃತಬಳ್ಳಿಯಿಂದ ಲಿವರ್ ಕೆಟ್ಟ ಪ್ರಕರಣಗಳು ಕೋವಿಡ್ ಕಾಲದಲ್ಲಿ ನಮ್ಮ ದೇಶದಲ್ಲೇ ವರದಿಯಾಗಿವೆ. ಚಕ್ಕೋತ ಹಣ್ಣು ಕೂಡ ಕೊಡಬೇಡಿ, ಅದೂ ಟ್ಯಾಕ್ರೋ ಏರಿಸುತ್ತದೆ. ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಸಾಕು. ಮೆಡಿಕಲ್ ಶಾಪ್‌ನಲ್ಲಿ ಕೊಡುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮುಟ್ಟಬೇಡಿ.

ಜ್ವರ ಇಲ್ಲ ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. ಸ್ಟೀರಾಯ್ಡ್ ತಗೊಳ್ಳುವವರಿಗೆ ಜ್ವರ ಕಾಣದೇ ಇರಬಹುದು. ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ ಆಕ್ಸಿಜನ್ 94ಕ್ಕಿಂತ ಕೆಳಗೆ ಬಂದರೆ, ಉಸಿರು ಕಟ್ಟಿದರೆ, ಮೂತ್ರ ಕಡಿಮೆಯಾದರೆ ಆಸ್ಪತ್ರೆಗೆ ಸೇರಿಸಿ.

ಪ್ರಶ್ನೆ (ತರೀಕೆರೆ): ಸರ್, ನನ್ನ ಹೆಂಡತಿಗೆ ಲಿವರ್ ಕಸಿ ಆಗಿದೆ. 2021ರಲ್ಲಿ ಎರಡು ಡೋಸ್ ಲಸಿಕೆ ಹಾಕಿಸಿದ್ದೇವೆ. ಅಷ್ಟು ಸಾಕಲ್ವಾ? ಈ ಸಲ ಹಾಸನಾಂಬೆ ದರ್ಶನಕ್ಕೆ ಬರಬೇಕು ಅಂತ ಆಸೆ ಅವಳಿಗೆ.

ಉತ್ತರ: ಸಾಲದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 2021ರಲ್ಲಿ ಅಂಗಾಂಗ ಕಸಿಯಾದ 658 ಜನರನ್ನು ನೋಡಿದರು. ಎರಡು ಡೋಸ್ ಆದಮೇಲೂ 46% ಜನರಲ್ಲಿ ವೈರಸ್ ವಿರುದ್ಧ ಹೋರಾಡುವ ಪ್ರತಿಕಾಯ ಕಾಣಲಿಲ್ಲ. ಅದು ಫೈಜರ್, ಮಾಡರ್ನಾ ಲಸಿಕೆ, ನಮ್ಮಲ್ಲಿ ಜಾಸ್ತಿ ಜನ ಹಾಕಿಸಿಕೊಂಡಿದ್ದು ಬೇರೆ. ಆದರೂ ಕಾರಣ ಒಂದೇ: ಕಿಡ್ನಿ, ಲಿವರ್ ಕಾಯುವ ಮಾತ್ರೆಗಳೇ ಲಸಿಕೆಯ ಕೆಲಸವನ್ನೂ ತಗ್ಗಿಸುತ್ತವೆ. ಮುಂದಿನ ಡೋಸ್ ಬಗ್ಗೆ ಅವರ ವೈದ್ಯರನ್ನು ಕೇಳಿ. ನೀವು, ಮಕ್ಕಳು ಎಲ್ಲರೂ ಹಾಕಿಸಿಕೊಂಡಿದ್ದರೆ ಅದು ಅವರಿಗೇ ರಕ್ಷಣೆ.

ದರ್ಶನ ಬೇಡ ಅನ್ನಲು ನನಗೆ ಮನಸ್ಸಿಲ್ಲ. ವರ್ಷಕ್ಕೊಮ್ಮೆ ತೆಗೆಯುವ ಬಾಗಿಲು ಅದು. ಕಸಿ ಆಗಿ ಇನ್ನೂ ವರ್ಷ ತುಂಬಿಲ್ಲ ಅಂದರೆ ಈ ಸಲ ಬಿಡಿ. ತುಂಬಿದ್ದರೆ, ವೈದ್ಯರೂ ಒಪ್ಪಿದರೆ, ಜನ ಕಡಿಮೆ ಇರುವ ಹೊತ್ತಿಗೆ ಬನ್ನಿ. ಬಟ್ಟೆ ಮಾಸ್ಕ್ ಸುಮ್ನೆ ದಂಡ, ಎನ್-95 ಮೂಗಿಗೆ ಬಿಗಿಯಾಗಿ ಕೂರಬೇಕು.

ಸಕಲೇಶಪುರದವರು: ಡಾಕ್ಟ್ರೇ, ಕಸಿ ಮಾಡಿದ ಆಸ್ಪತ್ರೆಯವರು ಮೈಕೋಫಿನೋಲೇಟ್ ಮಾತ್ರ ನಿಲ್ಲಿಸಿ ಅಂದರು. ನಾಳೆಯಿಂದ ಹಾಸನದಲ್ಲೇ ರೆಮ್‌ಡೆಸಿವಿರ್ ಹಾಕುತ್ತಾರೆ. ಟ್ಯಾಕ್ರೋ ಲೆವೆಲ್ ಮಾಡಿಸಿ ಅಂದಿದ್ದಾರೆ. ಅಮ್ಮ ಅವನ ಕೋಣೆ ಬಿಟ್ಟು ಬರುತ್ತಿಲ್ಲ.

ಉತ್ತರ: ಒಳ್ಳೆಯದಾಯಿತು. ಬೆಳಗಿನ ಟ್ಯಾಕ್ರೋ ನುಂಗುವ ಮೊದಲು ರಕ್ತ ಕೊಡಬೇಕು, ನುಂಗಿ ಕೊಟ್ಟರೆ ಲೆಕ್ಕ ತಪ್ಪುತ್ತದೆ. ಮಾತ್ರೆಯನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಲಿ, ರಕ್ತ ಕೊಟ್ಟ ತಕ್ಷಣ ತಗೊಳ್ಳಲಿ. ಹಿಂದಿನ ರಾತ್ರಿ ಎಷ್ಟು ಗಂಟೆಗೆ ತಗೊಂಡ ಅಂತ ಚೀಟಿಯಲ್ಲಿ ಬರೆದು ಕೊಡಿ. ಅಮ್ಮನನ್ನು ಹೇಗಾದರೂ ಒಪ್ಪಿಸಿ ಬೇರೆ ಕೋಣೆಗೆ ಕಳಿಸಿ, ಊಟ ಬಾಗಿಲ ಹತ್ತಿರ ಇಟ್ಟರೆ ಸಾಕು. ಅವರಿಗೂ ಇರುವುದು ಒಂದೇ ಕಿಡ್ನಿ. ಕಸಿ ಆದವರ ಮೈಯಲ್ಲಿ ವೈರಸ್ ಕೆಲವೊಮ್ಮೆ ವಾರಗಟ್ಟಲೆ ಉಳಿಯುತ್ತದೆ, ಹತ್ತು ದಿನ ಆಯಿತು ಅಂತ ಮಾಸ್ಕ್ ತೆಗೆಯಬೇಡಿ. ಲೆವೆಲ್ ರಿಪೋರ್ಟ್ ಬಂದ ಕೂಡಲೇ ಮೊದಲು ಕಸಿ ಆಸ್ಪತ್ರೆಯವರಿಗೆ ಕಳಿಸಿ, ಆಮೇಲೆ ಇಲ್ಲಿ ಹಾಕಿ.